ಒಂದು ಚುಕ್ಕಿ ಕಡಿಮೆ: ಚಾಳಿನ ಗೋಡೆಗೆ ಎಂಟು ಮೂಲೆಯ ಚಿಕ್ಕಿ ಬರೆದ ಕಥೆ

ಹೋದ ಮಳೆಗಾಲದಲ್ಲಿ ನಮ್ಮ ಚಾಳಿನ ಹಿಂದಿನ ಮಣ್ಣಿನ ಗೋಡೆ ಕುಸಿದು ಬಿತ್ತು. ಧಾರವಾಡದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವ ಮಾತೇ ಇಲ್ಲ. ಎಂಟು ಮನೆಯವರು ವಂತಿಗೆ ಹಾಕಿ ಇಟ್ಟಿಗೆ ಗೋಡೆ ಕಟ್ಟಿಸಿದೆವು. 12 ಅಡಿ ಉದ್ದ, 5 ಅಡಿ ಎತ್ತರ. ಗಿಲಾವು ಆಗಿ ಇನ್ನೂ ವಾರ ಆಗಿರಲಿಲ್ಲ, ಹಳೇ ಕಾಟ ಶುರುವಾಯಿತು. ಸಂದಿಗೆ ಬಂದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲುವುದು.

ಇದಕ್ಕೆ ನಮ್ಮೂರುಗಳಲ್ಲಿ ಒಂದು ಸಿದ್ಧ ಔಷಧಿ ಇದೆ, ದೇವರ ಟೈಲ್ಸ್. ಗಣಪತಿ, ಮೆಕ್ಕಾ, ಏಸು, ಸಾಲಾಗಿ ಅಂಟಿಸಿಬಿಡುವುದು. ಚಾಳಿನ ಮೀಟಿಂಗಿನಲ್ಲೂ ಅದೇ ಮಾತು ಬಂತು. ನನಗೆ ಒಗ್ಗಲಿಲ್ಲ. ಮೊದಲನೆಯದು, ದೇವರನ್ನು ಇಂಥ ವಾಚ್‌ಮನ್ ಕೆಲಸಕ್ಕೆ ಹಚ್ಚಬಾರದು. ಎರಡನೆಯದು, ಓಂ, ಶಿಲುಬೆ, ಚಂದ್ರ ಮೂರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಅದೊಂದು ಗ್ರೂಪ್ ಫೋಟೋ, ಅಷ್ಟೇ. ಫೋಟೋಕ್ಕೆ ನಿಂತು ಆಮೇಲೆ ಅವರವರ ದಾರಿ ಅವರವರು ಹಿಡಿಯುತ್ತಾರೆ. ಎಲ್ಲರ ಮನೆಯಲ್ಲೂ ಮೊದಲೇ ಇರುವ ಒಂದು ಆಕಾರ ಸಿಕ್ಕರೆ ಅದನ್ನೇ ಬರೆಯೋಣ ಅಂದೆ. "ಹಂಗಾದ್ರ ನೀನ ಮಾಡು" ಅಂದರು. ಬಾಯಿ ಬಿಟ್ಟಿದ್ದಕ್ಕೆ ಶಿಕ್ಷೆ.

ಒಂದು ವಾರ ಸುಮ್ನೆ ಕಣ್ಣು ಬಿಟ್ಟುಕೊಂಡು ಓಡಾಡಿದೆ. ಎದುರು ಮನೆಯ ವೈನಿ ಶುಕ್ರವಾರ ಹಾಕುವ ರಂಗೋಲಿಯಲ್ಲಿ ಒಂದು ಚೌಕ, ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕ. ಎಂಟು ಮೂಲೆ. ನಡುಮನೆಯ ಅಜ್ಜಿಯ ಹತ್ತಿರ ಒಂದು ಹಳೇ ಚಂದ್ರಕಾಳಿ ಸೀರೆ ಇದೆ. ಕಪ್ಪು ನೆಲದ ಮೇಲೆ ಬಿಳಿ, ಕೆಂಪು ದಾರದ ಕಸೂತಿ. ಸೆರಗಿನ ತುಂಬ ತೇರು, ಗೋಪುರ, ಆನೆ. ಅವುಗಳ ನಡುವೆ ಎಂಟು ಎಸಳಿನ ಸಣ್ಣ ಸಣ್ಣ ಚಿಕ್ಕಿ, ಅಂದರೆ ನಕ್ಷತ್ರ. ಮೂರನೆಯವರು ಗೋಡೆ ಕಟ್ಟಿದ ಗೌಂಡಿ ಚಾಚಾ. ಅವರ ಊರು ವಿಜಯಪುರದ ಕಡೆ, ಈಗ ನಮ್ಮ ಚಾಳಿನ ಮೊದಲ ಮನೆಯಲ್ಲೇ ಬಾಡಿಗೆಗೆ ಇದ್ದಾರೆ. ಎರಡು ಚೌಕ ಚಾಕ್‌ಪೀಸಿನಲ್ಲಿ ಗೀಚಿ ತೋರಿಸಿದರೆ ನಕ್ಕರು.

"ಇದು ನಮ್ಮ ಗೋಳಗುಮ್ಮಟದಾಗ ಐತಲ್ರಿ ಸರ. ಗುಮ್ಮಟ ನಿಂತಿದ್ದ ಇದರ ಮ್ಯಾಗ."

ಮಾತು ನಿಜ. ಗೋಳಗುಮ್ಮಟದ ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕದ ಗೆರೆ ಹಿಡಿದು ಎಂಟು ಕಮಾನು ಎಬ್ಬಿಸಿದ್ದಾರೆ. ಅವು ಒಂದನ್ನೊಂದು ಕತ್ತರಿಸಿಕೊಂಡು ಮೇಲೆ ಹೋಗುತ್ತಾ ನಡುವಿನ ಜಾಗವನ್ನು ಎಂಟು ಮೂಲೆಗೆ ತರುತ್ತವೆ. ಅದರ ಮೇಲೆ ಗುಮ್ಮಟ. ಹೊರಗಿನಿಂದ ಅಳೆದರೆ ಅದರ ಅಡ್ಡಗಲ ಸುಮಾರು 44 ಮೀಟರು. 1656ರ ಕೆಲಸ. ನಾನು ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಮೇಲೆ ಹತ್ತಿ ಕೂಗಿ, ಪ್ರತಿಧ್ವನಿ ಎಣಿಸಿ ಬಂದಿದ್ದೇನೆ. ಕಮಾನು ನೋಡಿದ್ದು ಈ ಮಾತು ಕೇಳಿದ ಮೇಲೆ, ಮೊಬೈಲಿನಲ್ಲಿದ್ದ ಹಳೇ ಫೋಟೋ ತೆಗೆದು.

ಇದೇ ತಂತ್ರ ನಮ್ಮ ಪಕ್ಕದ ಗದಗ ಜಿಲ್ಲೆಯ ಡಂಬಳದಲ್ಲೂ ಇದೆ. ಅಲ್ಲಿನ ದೊಡ್ಡಬಸಪ್ಪನ ಗುಡಿ 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗೋಡೆಗೆ 24 ಮೂಲೆ. ಒಂದೇ ನಡುವಿನ ಸುತ್ತ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಹೋದರೆ ಆರು ಚೌಕಕ್ಕೆ ಆ 24 ಮೂಲೆ ಬರುತ್ತವೆ. ಡಂಬಳಕ್ಕೂ ಗೋಳಗುಮ್ಮಟಕ್ಕೂ ನಡುವೆ ಹತ್ತಿರ ಹತ್ತಿರ ಐನೂರು ವರ್ಷ. ಯಾರು ಯಾರಿಂದ ಕಲಿತರು ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಒಂದು ಗೂಟ, ಒಂದು ಹಗ್ಗ ಕೈಯಲ್ಲಿದ್ದವರು ಇವತ್ತಲ್ಲ ನಾಳೆ ಈ ಆಕಾರಕ್ಕೆ ಬಂದೇ ಬರುತ್ತಾರೆ.

ಸರಿ, ಆಕಾರ ಸಿಕ್ಕಿತು. ಇನ್ನು ಕೆಲಸ.

ಮೊದಲ ಭಾನುವಾರ: ಚುಕ್ಕಿ ಇಟ್ಟು ಕೆಟ್ಟೆ

ಗೋಡೆಯ ಅಳತೆ 366 ಸೆಂಟಿಮೀಟರ್ ಉದ್ದ, 152 ಎತ್ತರ. ಒಂದೊಂದು ಚಿಕ್ಕಿ ತುದಿಯಿಂದ ತುದಿಗೆ 72 ಸೆಂ.ಮೀ. ಇಟ್ಟುಕೊಂಡರೆ ಅಡ್ಡಕ್ಕೆ ಐದು, ಎತ್ತರಕ್ಕೆ ಎರಡು, ಒಟ್ಟು ಹತ್ತು ಹಿಡಿಯುತ್ತವೆ. ಸುತ್ತ ಸ್ವಲ್ಪ ಅಂಚೂ ಉಳಿಯುತ್ತದೆ.

ಗೋಡೆ ತುಂಬ ಕೈಯಲ್ಲಿ ಚುಕ್ಕಿ ಇಡುವುದು ಆಗದ ಕೆಲಸ. ದಪ್ಪ ಡ್ರಾಯಿಂಗ್ ಶೀಟ್ ಅಂಟಿಸಿ ದೊಡ್ಡದು ಮಾಡಿ, ಅದರ ಮೇಲೆ 3 ಸೆಂ.ಮೀ.ಗೆ ಒಂದರಂತೆ ಚುಕ್ಕಿ ಗುರುತಿಸಿ, ಉರಿಯುವ ಊದುಬತ್ತಿಯಿಂದ ಒಂದೊಂದೇ ತೂತು ಸುಟ್ಟೆ. ಊದುಬತ್ತಿಯ ತೂತು ಅಂಚಿನಲ್ಲಿ ಗಟ್ಟಿಯಾಗುತ್ತದೆ, ಹರಿಯುವುದಿಲ್ಲ. ಮೊಳೆಯಿಂದ ಚುಚ್ಚಿದರೆ ಹಿಂದೆ ಕಾಗದ ಎದ್ದು ನಿಲ್ಲುತ್ತದೆ. ಶೀಟನ್ನು ಗೋಡೆಗೆ ಒತ್ತಿ ಹಿಡಿದು, ಕೆಮ್ಮಣ್ಣಿನ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ಆಯಿತು, ಚುಕ್ಕಿ ಮೂಡುತ್ತವೆ. ಮನೆಯಲ್ಲಿ ಮಾತ್ರ ಎರಡು ದಿನ ಗುಡಿಯ ವಾಸನೆ.

ಲೆಕ್ಕ ವೈನಿಯದು. ಸಾಲಿಗೆ 19 ಚುಕ್ಕಿ, ಅಂದರೆ 18 ಅಂತರ. ಬದಿಯನ್ನು ಆರು-ಆರು-ಆರು ಅಂತ ಮೂರು ಪಾಲು ಮಾಡುವುದು. ಓರೆ ಚೌಕದ ಗೆರೆ ಆ ಪಾಲುಗಳ ಮೇಲೆ ಹಾಯಬೇಕು. ಅದರ ತುದಿ ಚೌಕದ ಬದಿಯಿಂದ ಮೂರು ಚುಕ್ಕಿ ಹೊರಗೆ. ಅವರು ನೆಲದ ಮೇಲೆ ಇಪ್ಪತ್ತು ವರ್ಷದಿಂದ ಹೀಗೇ ಹಾಕುತ್ತಿದ್ದಾರೆ, ಚಂದವೇ ಕಾಣುತ್ತದೆ.

ಗೋಡೆಯ ಮೇಲೆ ಚಂದ ಕಾಣಲಿಲ್ಲ. ಒಂದು ಚಿಕ್ಕಿ ಬರೆದು ಹತ್ತು ಹೆಜ್ಜೆ ಹಿಂದೆ ಬಂದು ನೋಡಿದೆ. ಏನೋ ಸೊಟ್ಟ. ನಾಲ್ಕು ಮೂಲೆ ಉದ್ದ, ನಾಲ್ಕು ಮೂಲೆ ಗಿಡ್ಡ. ಟೇಪು ಹಿಡಿದೆ. ನಡುವಿನಿಂದ ನೆಟ್ಟಗಿನ ಚೌಕದ ಮೂಲೆಗೆ 38.2 ಸೆಂ.ಮೀ., ಓರೆ ಚೌಕದ ತುದಿಗೆ 36. ಎರಡು ಸೆಂಟಿಮೀಟರಿಗೂ ಜಾಸ್ತಿ ವ್ಯತ್ಯಾಸ. ನೆಲದ ರಂಗೋಲಿಯನ್ನು ನಾವು ನಿಂತು ಓರೆಯಿಂದ ನೋಡುತ್ತೇವೆ, ಅದಕ್ಕೆ ಗೊತ್ತಾಗುವುದಿಲ್ಲ. ಗೋಡೆ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ, ಎಲ್ಲ ತೋರಿಸುತ್ತದೆ.

ಚಾಚಾ ಬಂದು ನೋಡಿದರು. ಮಾತಾಡಲಿಲ್ಲ. ನಡುವೆ ಒಂದು ಮೊಳೆ ಹೊಡೆದು, ದಾರ ಕಟ್ಟಿ, 36ಕ್ಕೆ ದುಂಡಗೆ ಒಂದು ಗೆರೆ ಎಳೆದರು. ತೂಕದ ಗುಂಡು ಬಿಟ್ಟು ಮೇಲೆ-ಕೆಳಗೆ ಎರಡು ಗುರುತು. ರಸಮಟ್ಟ ಇಟ್ಟು ಎಡಕ್ಕೆ-ಬಲಕ್ಕೆ ಎರಡು. ಆ ನಾಲ್ಕರ ನಡುವೆ ದಾರ ಮಡಚಿ ಇನ್ನು ನಾಲ್ಕು. ಒಂದು ಬಿಟ್ಟು ಒಂದು ಗುರುತು ಸೇರಿಸಿದರು. ಐದು ನಿಮಿಷ ಆಗಿರಲಿಕ್ಕಿಲ್ಲ, ಎಂಟೂ ಮೂಲೆ ಸಮ ಇದ್ದ ಚಿಕ್ಕಿ ಗೋಡೆಯ ಮೇಲಿತ್ತು.

ಆದರೆ ಈಗ ಬೇರೆ ತೊಂದರೆ. ಚಾಚಾನ ಚಿಕ್ಕಿ ನನ್ನ ಚುಕ್ಕಿಗಳ ಮೇಲೆ ಕೂರಲಿಲ್ಲ. ಚುಕ್ಕಿ ಇಲ್ಲದೆ ಅಜ್ಜಿಯ ಕಸೂತಿ ಒಳಗೆ ತುಂಬಲು ಬರುವುದಿಲ್ಲ. ಕಸೂತಿ ಅಂದರೆ ಎಳೆ ಎಣಿಸಿ ಹಾಕುವ ಕೆಲಸ, ಅದಕ್ಕೆ ಚೌಕಳಿ ಬೇಕೇ ಬೇಕು. ದಾರದವರೂ ಚುಕ್ಕಿಯವರೂ ಒಂದೇ ಗೋಡೆಯ ಮೇಲೆ ಹೊಂದಲಿಲ್ಲ ಅನ್ನಿ.

ಬಿಡಿಸಿದ್ದು ವೈನಿ. ಸಂಜೆ ಚಹಾ ಹಿಡಿದುಕೊಂಡು ಗೋಡೆಯ ಮುಂದೆ ನಿಂತು ಬೆರಳಿನಲ್ಲಿ ಎಣಿಸುತ್ತಿದ್ದವರು ಥಟ್ಟನೆ, "ಒಂದು ಚುಕ್ಕಿ ಕಡಿಮಿ ಮಾಡಿದ್ರ ಬರ್ತದಲ್ಲ!" ಅಂದರು.

ಬಂತು. 19 ಚುಕ್ಕಿಯ ಬದಲು 18. ಅಂದರೆ ನೆಟ್ಟಗಿನ ಚೌಕದ ಬದಿಗೆ 17 ಅಂತರ, 51 ಸೆಂ.ಮೀ. ಅದನ್ನು ಮೂರು ಸಮ ಪಾಲು ಮಾಡದೆ 5-7-5 ಅಂತ ಒಡೆಯಬೇಕು. ಎರಡು ಚೌಕದ ಗೆರೆಗಳು ಕೂಡುವ ಎಂಟೂ ಜಾಗ ಸರಿಯಾಗಿ ಚುಕ್ಕಿಯ ಮೇಲೆ ಬೀಳುತ್ತವೆ. ನೆಟ್ಟಗಿನ ಚೌಕದ ನಾಲ್ಕು ಮೂಲೆಯೂ ಚುಕ್ಕಿಯ ಮೇಲೆ. ಓರೆ ಚೌಕದ ನಾಲ್ಕು ತುದಿ ಮಾತ್ರ ನಾಲ್ಕು ಚುಕ್ಕಿಗಳ ನಡುವಿನ ಸಂದು ಚುಕ್ಕಿಗೆ ಹೋಗುತ್ತವೆ, ನಡುವಿನಿಂದ ಸರಿಯಾಗಿ 12 ಅಂತರ. ಟೇಪು ಹಿಡಿದು ನೋಡಿದರೆ ಒಂದು ತುದಿ 36, ಇನ್ನೊಂದು 36.06. ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಗಿಲಾವಿನ ಮರಳಿನ ಕಾಳು ಅದಕ್ಕಿಂತ ದಪ್ಪ ಇದೆ.

ರಾತ್ರಿ ಕೂತು ಲೆಕ್ಕ ನೋಡಿದಾಗ ಇನ್ನೊಂದು ಮಜಾ ಸಿಕ್ಕಿತು. ಯಜ್ಞದ ವೇದಿ ಕಟ್ಟುವವರಿಗಾಗಿ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣ ಕಂಡುಹಿಡಿಯುವ ಒಂದು ವಿಧಾನ ಇದೆ. ಬದಿಗೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೇ ಒಂದು ಭಾಗ ಸೇರಿಸು, ಕೊನೆಯದರ 34ನೇ ಒಂದು ಭಾಗ ಕಳೆ. ನಮ್ಮ 12ಕ್ಕೆ ಹಚ್ಚಿ ನೋಡಿ. 12, ಅದಕ್ಕೆ 4, ಅದಕ್ಕೆ 1. ಒಟ್ಟು 17! ಕಳೆಯಬೇಕಾದ 34ನೇ ಒಂದು ಭಾಗ ನಮ್ಮ ಗೋಡೆಯಲ್ಲಿ 0.9 ಮಿಲಿಮೀಟರು. ಅದನ್ನು ಕಳೆಯಲು ಹೋಗಲಿಲ್ಲ. ಅಷ್ಟು ಸಣ್ಣ ಬ್ರಷ್ ನನ್ನ ಹತ್ತಿರ ಇಲ್ಲ.

ಯಾರಾದರೂ ಮನೆಯಲ್ಲಿ ಮಾಡುವುದಾದರೆ ಇಷ್ಟು ನೆನಪಿಡಿ: 18 ಚುಕ್ಕಿ, 5-7-5, ತುದಿಗೆ 12. ಅಂತರ ಎಷ್ಟಾದರೂ ಇರಲಿ, ಹೊಸಲಿನ ಮುಂದೆ ಬೆರಳಗಲದ್ದೂ ನಡೆಯುತ್ತದೆ.

ಎರಡನೇ ಭಾನುವಾರ: ಯಾರೂ ಬರೆಯದ ಶಿಲುಬೆ

ಹತ್ತೂ ಚಿಕ್ಕಿ ಚಾಕ್‌ಪೀಸಿನಲ್ಲಿ ಬರೆದು ಮುಗಿಸಿದ್ದೆ, ತುದಿಗೆ ತುದಿ ತಾಗಿಸಿ. ಕೊನೆ ಮನೆಯ ನರ್ಸ್ ಅಕ್ಕ ನೈಟ್ ಡ್ಯೂಟಿ ಮುಗಿಸಿ ಬಂದರು. ಗೇಟಿನ ಹತ್ತಿರವೇ ನಿಂತು, "ನಮ್ದೂ ಬರ್ದೀರಿ?" ಅಂದರು. ಏನು ಅಂತ ನನಗೆ ತಿಳಿಯಲಿಲ್ಲ. ಹತ್ತಿರ ಬಂದು ಬೆರಳು ಇಟ್ಟು ತೋರಿಸಿದರು. ನಾಲ್ಕು ಚಿಕ್ಕಿಗಳು ಕೂಡುವ ಕಡೆ ನಡುವೆ ಖಾಲಿ ಉಳಿದ ಜಾಗ, ಚೂಪು ತುದಿಯ ನಾಲ್ಕು ತೋಳಿನ ಶಿಲುಬೆ. ಒಂದಲ್ಲ, ನಾಲ್ಕು. ಮೇಲೆ ಕೆಳಗೆ ಅಂಚಿನಲ್ಲಿ ಅರ್ಧರ್ಧ.

ಅದನ್ನು ಯಾರೂ ಬರೆದಿರಲಿಲ್ಲ. ಎಂಟು ಮೂಲೆಯ ಚಿಕ್ಕಿಗಳನ್ನು ಹೀಗೆ ಜೋಡಿಸಿದರೆ ಅದು ತಾನಾಗಿ ಬರುತ್ತದೆ. ಇರಾನಿನ ಕಾಶಾನ್ ಊರಿನಲ್ಲಿ 13ನೇ ಶತಮಾನದಲ್ಲಿ ಮಾಡಿದ ಹೊಳೆಯುವ ಟೈಲ್ಸ್‌ಗಳು ಇದೇ ಜೋಡಿ, ಒಂದು ಚಿಕ್ಕಿ ಟೈಲ್ಸ್, ಒಂದು ಶಿಲುಬೆ ಟೈಲ್ಸ್. ಅಲ್ಲಿನವರು ಅದನ್ನು ಶಿಲುಬೆ ಅಂತ ಮಾಡಿದ್ದಲ್ಲ. ಚಾಚಾನಿಗೂ ಅದು ಬರೀ ಉಳಿದ ಜಾಗ. ವೈನಿಗೆ ನಾಲ್ಕೆಸಳಿನ ಹೂವು. ನರ್ಸ್ ಅಕ್ಕನಿಗೆ ಶಿಲುಬೆ. ನಾನು ಯಾರಿಗೂ ಇಲ್ಲ ಅನ್ನಲಿಲ್ಲ. ಹಾಗೇ ಬಿಟ್ಟೆ.

ಬಣ್ಣದ ಪಂಚಾಯಿತಿ

ಇದನ್ನು ಬೇಗ ಮುಗಿಸುತ್ತೇನೆ, ನೆನೆದರೆ ಈಗಲೂ ತಲೆನೋವು. ಹಸಿರು ಅಂದರೆ ಒಬ್ಬರಿಗೆ ಒಂದು ಅರ್ಥ, ಕೇಸರಿ ಅಂದರೆ ಇನ್ನೊಬ್ಬರಿಗೆ ಇನ್ನೊಂದು, ನೀಲಿ ಅಂದರೆ ಮತ್ತೊಂದು. ಬಣ್ಣದ ಡಬ್ಬಿ ತೆರೆದರೆ ಎಲೆಕ್ಷನ್ ಶುರು. ಕೊನೆಗೆ ಅಜ್ಜಿಯ ಸೀರೆಯನ್ನೇ ತಂದು ಗೋಡೆಗೆ ಹಿಡಿದೆವು. ಚಂದ್ರಕಾಳಿಯ ಕಪ್ಪು, ಇಳಕಲ್ ಸೆರಗಿನ ಕೆಂಪು, ಸುಣ್ಣದ ಬಿಳಿ. ಮೂರೇ. ಚಿಕ್ಕಿಯ ಹೊಟ್ಟೆ ಕಪ್ಪು, ಎಂಟು ಮೂಲೆ ಕೆಂಪು, ಚೌಕದ ಪಟ್ಟಿ ಬಿಳಿ, ನಡುವಿನ ಖಾಲಿ ಜಾಗವೂ ಬಿಳಿ. ಸೀರೆಗೆ ಎದುರು ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಅಂಗಡಿಯಲ್ಲಿ ಒಳಗೋಡೆಯ ಪ್ರೈಮರ್ ಕೊಟ್ಟಿದ್ದರು, ನಾನೂ ಡಬ್ಬಿ ಓದದೆ ತಂದಿದ್ದೆ. ಪುಣ್ಯಕ್ಕೆ ಮುಚ್ಚಳ ತೆಗೆಯುವ ಮೊದಲು ಕಂಡಿತು. ಹೊರಗೋಡೆಗೆ ಹೊರಗಿನದೇ ಬೇಕು. ಇಲ್ಲದಿದ್ದರೆ ಒಂದು ಮಳೆಗೆ ಪಕಳೆ ಪಕಳೆ ಏಳುತ್ತದೆ.

ಮೇಲೊಂದು, ಕೆಳಗೊಂದು

ಎರಡು ಚೌಕವನ್ನು ಬರೀ ಒಂದರ ಮೇಲೊಂದು ಇಟ್ಟರೆ ಅಂದ ಇಲ್ಲ, ಚಾಪೆ ಹೆಣೆದ ಹಾಗೆ ಒಂದರೊಳಗೊಂದು ಹಾಯಬೇಕು. ಚೌಕದ ಗೆರೆಯನ್ನು ಒಂದು ಅಂತರ ಅಗಲದ, ಅಂದರೆ 3 ಸೆಂ.ಮೀ. ಪಟ್ಟಿ ಮಾಡಿಕೊಂಡೆ. ಎಂಟು ಕಡೆ ದಾಟು. ಒಂದು ದಾಟಿನಲ್ಲಿ ನೆಟ್ಟಗಿನ ಚೌಕ ಮೇಲೆ, ಮುಂದಿನದರಲ್ಲಿ ಕೆಳಗೆ. ಎಂಟು ಸರಿಸಂಖ್ಯೆ ಆದ್ದರಿಂದ ಸುತ್ತು ಬಂದಾಗ ಲೆಕ್ಕ ಕೂಡುತ್ತದೆ. ದಾಟಿನ ಕಡೆ ಮೇಲಿನ ಪಟ್ಟಿಯ ಎರಡೂ ಅಂಚಿಗೆ ತೆಳ್ಳಗೆ ಕಪ್ಪು ಗೆರೆ ಕೊಟ್ಟರೆ ಸಾಕು, ಕೆಳಗಿನದು ಅಡಿಯಲ್ಲಿ ಹೋದ ಹಾಗೆ ಕಾಣುತ್ತದೆ.

ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಒಣಗುವ ಮೊದಲೇ ಕೀಳಬೇಕು. ಮೊದಲ ಚಿಕ್ಕಿಯಲ್ಲಿ ಮರುದಿನ ಕಿತ್ತೆ, ಟೇಪಿನ ಜೊತೆ ಎಮಲ್ಷನ್ನಿನ ತೊಗಲೂ ಬಂತು. ಆಮೇಲಿನವಕ್ಕೆ ಅರ್ಧ ಗಂಟೆ ಬಿಟ್ಟು, ಓರೆಯಾಗಿ ಎಳೆದು ತೆಗೆದೆ. ಗೆರೆ ಚಾಕುವಿನಿಂದ ಕೊಯ್ದ ಹಾಗೆ ಬಂದವು.

ಮೂರನೇ ಚಿಕ್ಕಿಯಲ್ಲಿ ಮೊಬೈಲಿನಲ್ಲಿ ಮಾತಾಡುತ್ತಾ ಒಂದೇ ಬದಿಯ ಎರಡೂ ದಾಟನ್ನು "ಮೇಲೆ" ಮಾಡಿಬಿಟ್ಟೆ. ನನಗೆ ಗೊತ್ತಾಗಲೇ ಇಲ್ಲ. ಶಾಲೆಯಿಂದ ಬಂದ ಹುಡುಗಿಯೊಬ್ಬಳು, "ಅಂಕಲ್, ಈ ಚೌಕ ಎತ್ತಿದ್ರ ಬಿಚ್ಕೊಂತದ" ಅಂದಳು. ಹೌದು, ಆ ಬದಿಯಲ್ಲಿ ಹೆಣಿಗೆಯೇ ಇರಲಿಲ್ಲ, ಓರೆ ಚೌಕ ಸಡಿಲ ಬಿದ್ದಿತ್ತು. ಬಿಳಿ ಹೊಡೆದು ಮತ್ತೆ ಕಟ್ಟಿದೆ. ಆಮೇಲೆ ಅವಳೇ ಇನ್‌ಸ್ಪೆಕ್ಟರ್. ಪ್ರತಿ ಚಿಕ್ಕಿಗೂ ಬೆರಳು ಹಿಡಿದು "ಮ್ಯಾಲೆ, ಕೆಳಗ, ಮ್ಯಾಲೆ, ಕೆಳಗ" ಅಂತ ಸುತ್ತು ಬಂದೇ ಪಾಸ್ ಮಾಡುತ್ತಿದ್ದಳು.

ಚಪ್ಪಲಿಯಿಂದ ಕಸೂತಿ

ನನಗೆ ಈ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಇದು. ಪಟ್ಟಿ ಕಳೆದು ಒಳಗೆ ಉಳಿದ ಎಂಟು ಮೂಲೆಯ ಕಪ್ಪು ಜಾಗ 45 ಸೆಂ.ಮೀ. ಅದರಲ್ಲಿ ಅಜ್ಜಿಯ ಆನೆ ಹಿಡಿಯಬೇಕಾದರೆ ಹೊಲಿಗೆಯೊಂದಕ್ಕೆ ಒಂದೂವರೆ ಸೆಂಟಿಮೀಟರ್ ಗೆರೆ ಬೇಕು. ಬ್ರಷ್ಷಿನಲ್ಲಿ ಬರೆದರೆ ಒಂದು ದಪ್ಪ, ಒಂದು ತೆಳು. ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದ ಒಂದೂವರೆ ಸೆಂ.ಮೀ. ಉದ್ದದ ಸಣ್ಣ ತುಂಡು ಕೊಯ್ದು, ಬಾಟಲಿಯ ಮುಚ್ಚಳಕ್ಕೆ ಅಂಟಿಸಿ ಠಸ್ಸೆ ಮಾಡಿಕೊಂಡೆ. ಸ್ಪಂಜಿನ ಮೇಲೆ ಬಿಳಿ ಹಚ್ಚಿ, ಠಸ್ಸೆ ಒತ್ತಿ, ಗೋಡೆಗೆ ಒತ್ತುವುದು.

ಮೊದಲು ಗೆರೆಗೆ ಗೆರೆ ಸೇರಿಸಿ ಒತ್ತುತ್ತಾ ಹೋದೆ. ಹಸಿ ಬಣ್ಣಕ್ಕೆ ಹಸಿ ಬಣ್ಣ ತಾಗಿ ಎಲ್ಲ ಕಲಸಿಕೊಂಡಿತು. ಆನೆಯ ಸೊಂಡಿಲು ಹಾಗಲಕಾಯಿ ಆಯಿತು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

"ಯಾಕೋ ತಮ್ಮಾ, ಗವಂತಿ ಹಂಗ ಹಾಕ್ತಾರೇನು? ಒಂದು ಬಿಟ್ಟು ಒಂದು ಹೋಗು. ತಿರುಗಿ ಬರೋವಾಗ ನಡುವಿನದು ತುಂಬು."

ಕಸೂತಿಯಲ್ಲಿ ಗವಂತಿ ಹೊಲಿಗೆ ಹಾಗೇ. ಹೋಗುವಾಗ ಒಂದು ಮೇಲೆ ಒಂದು ಕೆಳಗೆ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುವುದು. ಅದಕ್ಕೇ ಬಟ್ಟೆಯ ಎರಡೂ ಕಡೆ ಚಿತ್ರ ಒಂದೇ ಥರ ಕಾಣುತ್ತದೆ, ಗಂಟು ಎಲ್ಲೂ ಇಲ್ಲ. ಅಜ್ಜಿ ಹೇಳಿದ ಹಾಗೆ ಒಂದು ಬಿಟ್ಟು ಒಂದು ಒತ್ತುತ್ತಾ ಇಡೀ ಆನೆ ಸುತ್ತಿದೆ. ಶುರು ಮಾಡಿದ ಜಾಗಕ್ಕೆ ಬರುವಷ್ಟರಲ್ಲಿ ಬಿಸಿಲಿಗೆ ಮೊದಲಿನವು ಒಣಗಿದ್ದವು. ನಡುವಿನವನ್ನು ತುಂಬಿದೆ. ಒಂದೂ ಕಲಸಲಿಲ್ಲ. ದಾರಕ್ಕೆ ಮಾಡಿದ ನಿಯಮ ಬಣ್ಣಕ್ಕೂ ಒದಗಿತು.

"ಹಿಂದ ಹ್ಯಾಂಗ ಕಾಣ್ತದ?" ಅಂತ ಅಜ್ಜಿ ಕೇಳಿದರು. ಹಿಂದೆ ಇನ್ನೊಬ್ಬರ ಹಿತ್ತಲು, ಅಲ್ಲಿ ಎಮ್ಮೆ ಕಟ್ಟುತ್ತಾರೆ ಅಂದೆ.

ಅಜ್ಜಿಯವು ನಾಲ್ಕು: ಆನೆ, ತೇರು, ನವಿಲು, ಗೋಪುರ. ಚಾಚಾ ತಮ್ಮ ಎರಡು ಚಿಕ್ಕಿಗೆ ಪ್ರಾಣಿ ಬೇಡ, ಗೆರೆ ಸಾಕು ಅಂದರು. ಚಿಕ್ಕಿಯೊಳಗೆ ಚಿಕ್ಕಿ, ಅದರೊಳಗೆ ಇನ್ನೊಂದು, ಹೀಗೆ ನಾಲ್ಕು. ಕೊನೆಯದು ರೂಪಾಯಿ ನಾಣ್ಯದಷ್ಟು. ವೈನಿಯದು ಸುತ್ತಿ ಸುತ್ತಿ ಬರುವ ಎಳೆ ರಂಗೋಲಿ, ನರ್ಸ್ ಅಕ್ಕನದು ದೀಪ. ಮಕ್ಕಳಿಗೆ ಬಿಟ್ಟ ಎರಡರಲ್ಲಿ ಒಂದು ಗಾಳಿಪಟ, ಇನ್ನೊಂದು ಏನು ಅಂತ ಅವರೇ ಇನ್ನೂ ತೀರ್ಮಾನ ಮಾಡಿಲ್ಲ.

ಗೋಡೆ ಉಪ್ಪು ಕಾರಿತು

ಎಲ್ಲ ಮುಗಿಯಿತು ಅಂತ ಫೋಟೋ ಹೊಡೆದುಕೊಂಡ ಮರುವಾರ ಒಂದು ಅಡ್ಡಮಳೆ. ನಾಲ್ಕು ದಿನ ಕಳೆದ ಮೇಲೆ ಕೆಳಸಾಲಿನ ಮೂಲೆಯ ಚಿಕ್ಕಿ, ಅಂದರೆ ತೇರಿನ ಚಿಕ್ಕಿಯ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ. ಕಪ್ಪು ಬಣ್ಣದ ಮೇಲೆ ಇನ್ನೂ ಎದ್ದು ಕಾಣುತ್ತಿತ್ತು. ಅವಸರಕ್ಕೆ ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಯಿತು. ಬಿಸಿಲು ಬಂದಾಗ ಎರಡರಷ್ಟು ಬಂತು.

ಒರೆಸಿದ್ದೇ ತಪ್ಪು. ಇಟ್ಟಿಗೆ, ಸಿಮೆಂಟಿನಲ್ಲಿರುವ ಉಪ್ಪು ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಪುಡಿಯಾಗಿ ಉಳಿಯುತ್ತದೆ. ನೀರು ಹಚ್ಚಿ ಒರೆಸಿದರೆ ಮತ್ತೆ ಕರಗಿ ಒಳಗೆ ಹೋಗುತ್ತದೆ. ಒಣ ಬ್ರಷ್ಷಿನಿಂದ ಉದುರಿಸಬೇಕು, ಪುಡಿಯನ್ನು ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಬೇಕು.

ಉಪ್ಪು ಸರಿ, ನೀರು ಎಲ್ಲಿಂದ? ಚಾಚಾ ಗೋಡೆ ಹಾರಿ ಆ ಕಡೆ ಹೋಗಿ ನೋಡಿದರು. ಬಿದ್ದ ಹಳೇ ಗೋಡೆಯ ಮಣ್ಣನ್ನು ನಾವೇ ಆ ಮೂಲೆಗೆ ಒಟ್ಟಿ ಮರೆತಿದ್ದೆವು. ಮೊಳಕಾಲುದ್ದ ಗುಡ್ಡೆ, ಹೊಸ ಗೋಡೆಗೆ ಒರಗಿಕೊಂಡು ನೀರು ಕುಡಿದು ಕೂತಿತ್ತು. ಅರ್ಧ ದಿನ ಹಿಡಿದು ಬುಟ್ಟಿಯಲ್ಲಿ ಹೊತ್ತು ತೆಗೆದೆವು. ಎಮ್ಮೆಯವರು ಆ ಮಣ್ಣನ್ನು ತಮ್ಮ ಕಟ್ಟೆಗೆ ಹಾಕಿಕೊಂಡರು.

ಈಗ ತೇರಿನ ಚಿಕ್ಕಿಯನ್ನು ಕೆರೆದು ಬರೀ ಗಿಲಾವು ಬಿಟ್ಟಿದ್ದೇನೆ. ಮಳೆಗಾಲ ಮುಗಿದು, ಗೋಡೆ ಆರಿ, ಒಂದು ತಿಂಗಳು ಪುಡಿ ಬರದಿದ್ದರೆ ಮಾತ್ರ ಪ್ರೈಮರ್. ಊದುಬತ್ತಿಯ ಶೀಟು ಸುರುಳಿ ಸುತ್ತಿ ಅಟ್ಟದ ಮೇಲಿದೆ, ಠಸ್ಸೆ ವೈನಿಯ ಹತ್ತಿರ, ಉಳಿದ ಕಪ್ಪು ಬಣ್ಣ ಗಾಳಿ ಆಡದ ಡಬ್ಬಿಯಲ್ಲಿ. ಗೋಡೆಗೆ ಮುಖ ಮಾಡಿ ನಿಲ್ಲುವವರು ನಿಂತರಾ ಅಂತ ಕೇಳುತ್ತೀರಿ ಅಲ್ವಾ? ನಿಜ ಹೇಳಬೇಕೆಂದರೆ ಅದು ನಿಂತದ್ದು ಸಂದಿಗೆ ಒಂದು ಟ್ಯೂಬ್‌ಲೈಟ್ ಹಾಕಿದ ಮೇಲೆ.